ಕಳವಳದ ಕಾಲದ ಗುರು: ಅಬ್ಬೆ ದ್ಯುಬ್ವಾ

ಮುತ್ತತ್ತಿಯ ಕಾಡಂಚಿನಲ್ಲಿ ನಾವು ಕಾಣುವ ಕಾವೇರಿಯು ಶ್ರೀರಂಗಪಟ್ಟಣವನ್ನು ಬಳಸಿ ಬಂದ ನದಿ. ಆ ದ್ವೀಪದ ಗಂಜಾಮಿನಲ್ಲಿರುವ ದೇವಾಲಯವೊಂದು ಇಂದಿಗೂ ಅಬ್ಬೆ ದ್ಯುಬ್ವಾ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮ ವಿಚಾರಣೆಯ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನಮ್ಮ ಸೀಮೆಯ ಪೂರ್ವಿಕ ವಿಶ್ವಾಸಿಗಳನ್ನು ಅತ್ಯಂತ ಕಳವಳದ ದಿನಗಳಲ್ಲಿ ಸಂತೈಸಿದ ಆ ಗುರುವರ್ಯರನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ 1766ರಲ್ಲಿ ಜನಿಸಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. ತಾಯ್ನಾಡಿನಲ್ಲಿ ಆಗ ಮಹಾಕ್ರಾಂತಿಯ ಬಿರುಗಾಳಿ. ಗುರುಗಳ ಪ್ರಾಣಕ್ಕೇ ಸಂಚಕಾರ. ಕೆಲವು ವರ್ಷ ತಮಿಳು ಸೀಮೆಯಲ್ಲಿ ದುಡಿದು, 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಮೇಲೆ ಮೈಸೂರು ಸೀಮೆಗೆ ಬಂದರು.

ಬಂದು ಕಂಡದ್ದು ಚದುರಿದ ಹಿಂಡು. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಸಿಕ್ಕಿ ಮತಾಂತರಗೊಂಡವರನ್ನು ಮರಳಿ ಧರ್ಮಸಭೆಗೆ ಸೇರಿಸಿಕೊಳ್ಳುವ ಹೊಣೆ ಅವರ ಮೇಲೆ ಬಿತ್ತು. ಯುದ್ಧ ಮುಗಿದ ಮಾತ್ರಕ್ಕೆ ಮನಸ್ಸಿನ ಅಂಜಿಕೆ ಮುಗಿಯುವುದಿಲ್ಲ. ತಾವು ಕೈಬಿಟ್ಟ ದೇವರು ತಮ್ಮನ್ನು ಮತ್ತೆ ಕೈಹಿಡಿಯುವನೇ ಎಂದು ತಲ್ಲಣಿಸುವವರಿಗೆ ಪಾಪನಿವೇದನೆಯ ಕ್ಷಮೆಗಿಂತ ದೊಡ್ಡ ಸಾಂತ್ವನ ಯಾವುದಿದ್ದೀತು? ಆ ಕ್ಷಮೆಯನ್ನು ತಂದವರು ಪರದೇಶಿಯಂತಿರಲಿಲ್ಲ. ಪೇಟ, ನಿಲುವಂಗಿ ಧರಿಸಿ, ಮಾಂಸಾಹಾರ ತೊರೆದು, ಈ ನಾಡಿನವರಂತೆಯೇ ಬಾಳಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಸಿಡುಬನ್ನು ಅಮ್ಮನೆಂದು ಅಂಜುತ್ತಿದ್ದ ಕಾಲವದು. ದನದ ಸಿಡುಬಿನಿಂದ ತೆಗೆದ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. 1803-04ರಲ್ಲಿ ಸ್ವಾಮಿಯವರ ಪ್ರಯತ್ನದಿಂದ 25,432 ಮಂದಿಗೆ ಅದನ್ನು ಹಾಕಲಾಯಿತೆಂದು ದಾಖಲೆಯಿದೆ. ಕಂಡರಿಯದ ಔಷಧಕ್ಕೆ ಇಷ್ಟು ಜನ ತೋಳೊಡ್ಡಿದ್ದು ಗುರುವಿನ ಮೇಲಿನ ಭರವಸೆಯಿಂದಲೇ ಇರಬೇಕು. ಹಾಸನದ ಬಳಿ ಕ್ರೈಸ್ತ ರೈತರನ್ನು ನೆಲೆಗೊಳಿಸಿ ಬೇಸಾಯಕ್ಕೂ ಹಚ್ಚಿದರು.

ಹಿಂದೂಗಳ ಆಚಾರ ವಿಚಾರಗಳ ಕುರಿತ ಅವರ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. (ಅದರ ಬಹುಭಾಗ ಯೇಸುಸಭೆಯ ಕ್ಯೂರ್‌ದೂ ಸ್ವಾಮಿಗಳ ಬರಹವನ್ನು ಅವಲಂಬಿಸಿದೆಯೆಂದು ವಿದ್ವಾಂಸರು ತೋರಿಸಿರುವುದನ್ನೂ ಹೇಳಬೇಕು.)

ಅವರ ನಿರಾಶೆಯನ್ನೂ ನಾವು ಮರೆಮಾಚಬೇಕಾಗಿಲ್ಲ. ಈ ನಾಡಿನಲ್ಲಿ ಹೊಸದಾಗಿ ಜನರನ್ನು ಕ್ರೈಸ್ತಮತಕ್ಕೆ ತರುವ ಕಾರ್ಯವು ಫಲಿಸಲಾರದೆಂಬ ತೀರ್ಮಾನಕ್ಕೆ ಅವರು ಬಂದಿದ್ದರು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಹಾಗೆಂದು ಬರೆದರು. ಫಲದ ಆಸೆ ಬತ್ತಿದ ಮೇಲೂ ವರ್ಷಾನುವರ್ಷ ಹಿಂಡನ್ನು ಕಾಯ್ದುಕೊಂಡಿದ್ದರಲ್ಲ, ಅವರ ಅಂತಶ್ಶಾಂತಿಯನ್ನು ನಾವು ಕಾಣುವುದು ಅಲ್ಲಿ. ಅದು ಗೆಲುವಿನಿಂದ ಬಂದ ಶಾಂತಿಯಲ್ಲ. ಕೊಟ್ಟ ಕೆಲಸವನ್ನು ಮಾಡಿ, ಮಿಕ್ಕದ್ದನ್ನು ಪ್ರಭುವಿಗೆ ಒಪ್ಪಿಸಿದವರದು.

1823ರ ಜನವರಿ 15ರಂದು ಭಾರತವನ್ನು ಬಿಟ್ಟ ಅವರು ಮತ್ತೆ ಮರಳಲಿಲ್ಲ. ಪ್ಯಾರಿಸಿನ ವಿದೇಶೀ ಮಿಷನ್ ಗುರುಮಠದಲ್ಲಿ ಸೇವೆ ಸಲ್ಲಿಸಿ, ಅದರ ಶ್ರೇಷ್ಠರೂ ಆಗಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು. ಒಂದೇ ವಾರದಲ್ಲಿ ಆ ನಗರದಲ್ಲಿ ಮತ್ತೊಂದು ಕ್ರಾಂತಿಯೆದ್ದಿತು.