ದಿನ ತುಂಬದ ಶಿಶುಗಳ ಬಂಧು ಪಿಯರ್ ಬ್ಯುದ್ಯಾಂ

ಹೆರಿಗೆ ಒಂದು ತಿಂಗಳು ಮೊದಲೇ ಆಯಿತು, ಮಗು ಬಹಳ ಸಣ್ಣದು ಎಂಬ ಸುದ್ದಿ ಊರಿನಿಂದ ಬಂದರೆ ಪರಸ್ಥಳದಲ್ಲಿ ದುಡಿಯುವ ತಂದೆಯ ಎದೆ ನಡುಗುತ್ತದೆ. ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದು ಉಳಿಯದು ಎಂಬ ಹಳೆಯ ನಂಬಿಕೆ ಆ ಭಯವನ್ನು ಇಮ್ಮಡಿಸುತ್ತದೆ. ಈ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಪ್ರಾಚೀನ ಗ್ರೀಕರಲ್ಲಿಯೂ ಇದ್ದಿತು. ಅದು ನಿಜವಲ್ಲ. ದಿನ ತುಂಬುವವರೆಗೆ ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶಿಶುವಿಗೆ ಬಲವನ್ನೇ ಕೊಡುತ್ತದೆ. ಇಂತಹ ಶಿಶುಗಳ ಸೇವೆಯಲ್ಲಿ ಆಯುಷ್ಯವನ್ನು ಸವೆಸಿದ ಫ್ರೆಂಚ್ ವೈದ್ಯ ಪಿಯರ್ ಬ್ಯುದ್ಯಾಂ ಅವರ ಜೀವನವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಬ್ಯುದ್ಯಾಂ ಅವರು 1846ರಲ್ಲಿ ಪ್ಯಾರಿಸ್ಸಿನ ಉತ್ತರಕ್ಕಿರುವ ವಾಜ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದರು. ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಪ್ರಸೂತಿ ವೈದ್ಯರಲ್ಲಿ ಅಗ್ರಗಣ್ಯರಾಗಿದ್ದ ಸ್ತೆಫಾನ್ ತಾರ್ನಿಯೆ ಅವರ ಶಿಷ್ಯರಾದರು. 1870-71ರ ಯುದ್ಧದಲ್ಲಿ ಸೋತು, ಜನನಸಂಖ್ಯೆಯ ಇಳಿತದಿಂದ ಕಳವಳಗೊಂಡಿದ್ದ ಫ್ರಾನ್ಸಿಗೆ ಒಂದೊಂದು ಶಿಶುವೂ ಅಮೂಲ್ಯವಾಗಿತ್ತು. ಆದರೂ ದಿನ ತುಂಬದೆ ಹುಟ್ಟಿದ ಕೂಸನ್ನು ವಿಧಿಗೆ ಒಪ್ಪಿಸಿ ಕೈಕಟ್ಟಿ ಕುಳಿತುಕೊಳ್ಳುವುದೇ ಅಂದಿನ ರೂಢಿ.

ಆ ರೂಢಿಯನ್ನು ಮುರಿದವರು ಗುರು ತಾರ್ನಿಯೆ. ಪ್ಯಾರಿಸ್ಸಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡ ಅವರು, ಅದನ್ನು ನಿರ್ಮಿಸಿದ್ದ ಒದಿಲ್ ಮಾರ್ತಾಂ ಎಂಬವರಿಂದಲೇ ಶಿಶುಗಳಿಗಾಗಿ ಅಂತಹದೊಂದು ಪೆಟ್ಟಿಗೆಯನ್ನು ಮಾಡಿಸಿದರು. 1880ರಲ್ಲಿ ಅದನ್ನು ಮಾತೆರ್ನಿತೆ ಹೆರಿಗೆ ಆಸ್ಪತ್ರೆಯಲ್ಲಿ ಇರಿಸಲಾಯಿತು. ಕೆಳಗೆ ಬಿಸಿನೀರು, ಮೇಲೆ ಬೆಚ್ಚನೆಯ ಗಾಳಿ; ಯಂತ್ರವೆಂದರೆ ಇಷ್ಟೇ. ಅದರಿಂದ ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳ ಮರಣಪ್ರಮಾಣ ನೂರಕ್ಕೆ 66ರಿಂದ 38ಕ್ಕೆ ಇಳಿಯಿತು.

ಶಿಷ್ಯರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಆಸ್ಪತ್ರೆಯಲ್ಲಿ ಬದುಕಿ ಉಳಿದ ಕೂಸು ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಕೆಟ್ಟ ಹಾಲು, ಭೇದಿ, ಅಜ್ಞಾನಗಳಿಂದ ಎಷ್ಟೋ ಶಿಶುಗಳು ಮನೆಗಳಲ್ಲಿ ಅಳಿದುಹೋಗುತ್ತಿದ್ದವು. ಆದುದರಿಂದ 1892ರಲ್ಲಿ ಶಾರಿತೆ ಆಸ್ಪತ್ರೆಯಲ್ಲಿ ಅವರು ಒಂದು ಶಿಶು ಸಲಹಾಕೇಂದ್ರವನ್ನು ತೆರೆದರು. ಹೆತ್ತು ಮನೆಗೆ ಹೋದ ತಾಯಂದಿರು ಮಗುವನ್ನೆತ್ತಿಕೊಂಡು ಅಲ್ಲಿಗೆ ಮತ್ತೆಮತ್ತೆ ಬರಬೇಕು; ಮಗುವನ್ನು ತೂಗಿ ನೋಡಬೇಕು; ಎದೆಹಾಲು ಸಾಲದಿದ್ದರೆ ಮಾತ್ರ ಕಾಯಿಸಿ ಶುದ್ಧಗೊಳಿಸಿದ ಹಾಲನ್ನು ಕೊಡಬೇಕು. ಕಾಯಿಲೆ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಕಾಯಿಲೆಯೇ ಬಾರದಂತೆ ಕಾಯುವುದು ಈ ಕೇಂದ್ರದ ಧರ್ಮವಾಗಿತ್ತು.

1895ರಲ್ಲಿ ಮಾತೆರ್ನಿತೆಯಲ್ಲಿನ ದುರ್ಬಲ ಶಿಶುಗಳ ವಿಭಾಗವು ಅವರ ಕೈಗೆ ಬಂದಿತು. ಎರಡು ವರ್ಷಗಳ ಹಿಂದೆ ಅದನ್ನು ಸ್ಥಾಪಿಸಿದ್ದ ಕೀರ್ತಿ ಅಲ್ಲಿನ ಮುಖ್ಯ ಸೂಲಗಿತ್ತಿ ಮದಾಂ ಆನ್ರಿ ಅವರಿಗೆ ಸಲ್ಲಬೇಕು. ಹೊರಗಿನಿಂದ ತರುವಾಗ ದಾರಿಯಲ್ಲೇ ತಣ್ಣಗಾದ ಕೂಸುಗಳು ಉಳಿಯುವುದು ದುರ್ಲಭವೆಂಬುದನ್ನು ಬ್ಯುದ್ಯಾಂ ಇಲ್ಲಿ ಕಂಡರು. ಮೈಶಾಖ, ಆಹಾರ, ರೋಗಗಳಿಂದ ರಕ್ಷಣೆ, ಈ ಮೂರೇ ದುರ್ಬಲ ಶಿಶುವಿನ ಪ್ರಾಣಾಧಾರವೆಂದು ಸಾರಿದರು. ಪೆಟ್ಟಿಗೆಯಲ್ಲಿಟ್ಟ ಮಗುವಿನಿಂದ ದೂರವಾದ ತಾಯಿಗೆ ಕ್ರಮೇಣ ಮಗುವಿನ ಮೇಲಣ ಆಸ್ಥೆಯೇ ಕುಗ್ಗುವುದೆಂಬುದನ್ನೂ ಅವರು ಗಮನಿಸಿದ್ದರು. ಆದುದರಿಂದ ತಾಯಿ ಬರಬೇಕು, ನೋಡಬೇಕು, ಹಾಲೂಡಬೇಕು ಎಂದು ಒತ್ತಾಯಿಸಿದರು. 1900ರಲ್ಲಿ ಅವರ ಉಪನ್ಯಾಸಗಳು ಗ್ರಂಥರೂಪದಲ್ಲಿ ಪ್ರಕಟವಾದವು. 1902ರಲ್ಲಿ ಶಿಶುಮರಣವನ್ನು ತಡೆಯಲು ಒಂದು ಸಂಘವನ್ನು ಕಟ್ಟಿದರು. 1907ರಲ್ಲಿ ಮಾರ್ಸೇಯ್ ನಗರದಲ್ಲಿ, 60 ವರ್ಷದ ಪ್ರಾಯದಲ್ಲಿ, ಕಾಲವಶರಾದರು.

ಅವರ ಬೋಧೆ ಇಂದಿಗೂ ಹಳತಾಗಿಲ್ಲ. 37 ವಾರ ತುಂಬುವ ಮೊದಲೇ ಹುಟ್ಟುವ ಶಿಶುಗಳಲ್ಲಿ ಬಹುಪಾಲು ಕೆಲವೇ ವಾರ ಮುಂಚೆ ಹುಟ್ಟಿದಂಥವು. ನೋಟಕ್ಕೆ ಅವು ದಿನ ತುಂಬಿದ ಕೂಸುಗಳಂತೆಯೇ ಕಾಣುತ್ತವೆ, ಮೋಸಹೋಗುವುದು ಅಲ್ಲಿಯೇ. 34ನೆಯ ವಾರದಲ್ಲಿ ಶಿಶುವಿನ ಮಿದುಳಿನ ತೂಕ ದಿನ ತುಂಬಿದಾಗಿನ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಮೈ ತಣ್ಣಗಾಗುವುದು, ಉಸಿರಾಟದ ತೊಂದರೆ, ಹಾಲು ಚೀಪಲು ಶಕ್ತಿ ಸಾಲದಿರುವುದು, ಕಾಮಾಲೆ ಇವು ಇಂತಹ ಕೂಸುಗಳನ್ನು ಹೆಚ್ಚಾಗಿ ಬಾಧಿಸುತ್ತವೆ. ಬಹುತೇಕ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ಕೆಲವರು ನಡೆ, ನುಡಿ, ಕಲಿಕೆಗಳಲ್ಲಿ ಸ್ವಲ್ಪ ಹಿಂದೆ ಬೀಳುವುದುಂಟು. ಆದುದರಿಂದ ತೂಕವನ್ನೂ ಬೆಳವಣಿಗೆಯನ್ನೂ ಆಗಾಗ ವೈದ್ಯರಿಗೆ ತೋರಿಸುತ್ತಿರಬೇಕು. ಮೊದಲ ಎರಡು ವರ್ಷ ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕಹಾಕಿ ಅಳೆಯುವುದು ನ್ಯಾಯ.

ಸಣ್ಣ ಕೂಸನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಬೆಚ್ಚಗಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಸಲಹೆಯಿತ್ತಿದೆ. ಈ ಶಾಖವನ್ನು ತಂದೆಯೂ ಕೊಡಬಲ್ಲನು. ಅಂತಹ ಸುದ್ದಿ ಬಂದ ದಿನ ಹಣ ಕಳುಹಿಸಿ ಸುಮ್ಮನಾಗದೆ, ಸಾಧ್ಯವಾದರೆ ರಜೆ ಪಡೆದು ಊರಿಗೆ ಹೋಗಿ ಆ ಕೂಸನ್ನು ಎದೆಗೊತ್ತಿಕೊಳ್ಳಿರೆಂದು ನಮ್ಮ ವಾಚಕ ಬಾಂಧವರಲ್ಲಿ ಕೇಳಿಕೊಳ್ಳುತ್ತೇವೆ.