ಕ್ಯಾನ್ಸರಿನ ಮೂಲವನ್ನು ಅರಸಿದ ಡಾ. ಖಾನೋಲ್ಕರ್

ಭಾರತದಲ್ಲಿ ಕ್ಯಾನ್ಸರ್ ಸಂಶೋಧನೆಗೆ ಅಡಿಗಲ್ಲು ಹಾಕಿದ ಮಹನೀಯರಲ್ಲಿ ಡಾ. ವಸಂತ ರಾಮಜಿ ಖಾನೋಲ್ಕರ್ ಅಗ್ರಗಣ್ಯರು. ಇವರು ಗೋವೆಯ ಮೂಲದ ಗೋಮಂತಕ ಮರಾಠಾ ಸಮಾಜಕ್ಕೆ ಸೇರಿದ ಕುಟುಂಬದಲ್ಲಿ 1895ನೆಯ ಏಪ್ರಿಲ್ 13ರಂದು ಜನಿಸಿದರು. ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ, 1923ರಲ್ಲಿ ಎಂ.ಡಿ. ಪದವಿ ಪಡೆದರು. ಸ್ವದೇಶಕ್ಕೆ ಮರಳಿ ಮುಂಬಯಿಯ ವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಧ್ಯಾಪಕರಾದರು.

1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ, ಅದರ ಪ್ರಯೋಗಾಲಯಗಳ ಹೊಣೆಯನ್ನು ಇವರು ಹೊತ್ತರು. ಕತ್ತರಿಸಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ಇವರಿಗೆ ಸಾಲದು. ರೋಗಿ ಏನು ತಿನ್ನುತ್ತಾನೆ, ಏನು ಉಡುತ್ತಾನೆ ಎಂಬುದನ್ನೂ ವಿಚಾರಿಸಿದರು. ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ತುಟಿಯ ಹಿಂದೆ ಇಟ್ಟುಕೊಳ್ಳುವವರಿಗೆ ಅಲ್ಲಿಯೇ ಕ್ಯಾನ್ಸರ್ ಬರುವುದನ್ನು ಕಂಡರು. ವರ್ಷಗಟ್ಟಲೆ ಧೋತರವನ್ನು ಬಿಗಿಯಾಗಿ ಕಟ್ಟಿದ ಸೊಂಟದಲ್ಲಿಯೂ ಅಪರೂಪವಾಗಿ ಕ್ಯಾನ್ಸರ್ ಹುಟ್ಟುವುದನ್ನು ಗುರುತಿಸಿದರು. ಈ ಸಂಗತಿಗಳನ್ನು 1945ರಲ್ಲಿ ಜಗತ್ತಿಗೆ ತಿಳಿಸಿದರು.

1952ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರಕ್ಕೆ ಇವರೇ ಮೊದಲ ನಿರ್ದೇಶಕರು. ಇವರಿಗೆ ಪದ್ಮಭೂಷಣ ಪ್ರಶಸ್ತಿ ಲಭಿಸಿತು. ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ ಸೇವೆ ಸಲ್ಲಿಸಿದರು. 1978ರ ಅಕ್ಟೋಬರ್ 29ರಂದು ನಿಧನರಾದರು.

ಅವರ ನಂತರ ವಿಜ್ಞಾನವು ಜೀವಕೋಶದ ಒಳಗುಟ್ಟನ್ನು ಇನ್ನೂ ಆಳವಾಗಿ ಅರಿತಿದೆ. ಕ್ಯಾನ್ಸರ್ ಕೋಶವನ್ನು ಹೊಕ್ಕು, ಅಲ್ಲಿ ವೃದ್ಧಿಯಾಗಿ, ಅದನ್ನು ಒಡೆದುಹಾಕುವಂತೆ ಮಾರ್ಪಡಿಸಿದ ಒಂದು ವೈರಸ್ಸನ್ನು ಅಮೆರಿಕವು 2015ರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಔಷಧವೆಂದು ಒಪ್ಪಿತು. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಜೀವಕೋಶಗಳು ತಮ್ಮ ಹಳೆಯ ಭಾಗಗಳನ್ನು ತಾವೇ ಜೀರ್ಣಿಸಿಕೊಳ್ಳುತ್ತವೆ. ಇದಕ್ಕೆ ಆಟೊಫೇಜಿ, ಅಂದರೆ ಸ್ವಭಕ್ಷಣೆ ಎಂದು ಹೆಸರು. ಈ ಕ್ರಿಯೆಯು ಕೆಲವೊಮ್ಮೆ ಒಳಬಂದ ವೈರಸ್ಸನ್ನೇ ಜೀರ್ಣಿಸಿ ಚಿಕಿತ್ಸೆಗೆ ಅಡ್ಡಿಯಾಗುತ್ತದೆ. ಕೆಲವೊಮ್ಮೆ ವೈರಸ್ಸಿನ ವೃದ್ಧಿಗೂ ಕ್ಯಾನ್ಸರ್ ಕೋಶದ ನಾಶಕ್ಕೂ ನೆರವಾಗುತ್ತದೆ. ಯಾವ ಕ್ಯಾನ್ಸರಿನಲ್ಲಿ, ಯಾವ ವೈರಸ್ಸಿನೊಡನೆ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಶೋಧಿಸುತ್ತಿದ್ದಾರೆ. ರೋಗದ ಮೂಲವನ್ನು ತಿಳಿಯದೆ ಮದ್ದು ಫಲಿಸದು ಎಂಬ ಖಾನೋಲ್ಕರರ ಹಾದಿಯೇ ಇದು.

ವಿದ್ಯಾರ್ಥಿ ಮಿತ್ರರೇ, ಹೊಸ ಚಿಕಿತ್ಸೆಗಳು ಬರಲಿ. ಆದರೆ ಹೊಗೆಸೊಪ್ಪಿನಿಂದ ಬರುವ ಕ್ಯಾನ್ಸರನ್ನು ತಡೆಯಲು ಪ್ರಯೋಗಾಲಯವೇ ಬೇಕಿಲ್ಲ. ಅದನ್ನು ಮುಟ್ಟದಿರುವ ದೃಢ ಮನಸ್ಸು ಬೇಕು. ಮನೆಯಲ್ಲಿ ಹಿರಿಯರು ಹೊಗೆಸೊಪ್ಪು ಹಾಕುತ್ತಿದ್ದರೆ, ಅವರ ಪಕ್ಕದಲ್ಲಿ ಕುಳಿತು ಖಾನೋಲ್ಕರರ ಕಥೆಯನ್ನು ವಿನಯದಿಂದ ಓದಿ ಹೇಳಿರಿ. ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.