ದಶಮಾಂಶಕ್ಕೆ ದಾರಿ ತೋರಿದ ಗುಮಾಸ್ತ ಸೈಮನ್ ಸ್ಟೆವಿನ್

ದಶಮಾಂಶ ಸಂಖ್ಯೆಯನ್ನು 10ರಿಂದ ಭಾಗಿಸಲು ಬಿಂದುವನ್ನು ಒಂದು ಸ್ಥಾನ ಎಡಕ್ಕೆ ಸರಿಸಬೇಕು. 100ರಿಂದಾದರೆ ಎರಡು ಸ್ಥಾನ. ಮಕ್ಕಳು ಬಾಯಿಪಾಠ ಮಾಡುವ, ಪರೀಕ್ಷೆಯಲ್ಲಿ ಎಡವುವ ಈ ನಿಯಮವನ್ನು ಯುರೋಪಿನ ಜನಸಾಮಾನ್ಯರ ಲೆಕ್ಕಕ್ಕೆ ಒದಗಿಸಿದ ಕೀರ್ತಿ ಸೈಮನ್ ಸ್ಟೆವಿನ್‌ಗೆ ಸಲ್ಲುತ್ತದೆ.

ಸ್ಟೆವಿನ್ ಜನಿಸಿದ್ದು 1548ರಲ್ಲಿ, ಇಂದಿನ ಬೆಲ್ಜಿಯಂನ ಬ್ರೂಜ್ ನಗರದಲ್ಲಿ. ಆಂಟ್‌ವರ್ಪ್‌ನಲ್ಲಿ ಲೆಕ್ಕ ಬರೆದು, ಬಳಿಕ ಹುಟ್ಟೂರಿನ ಆಡಳಿತ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದ. 1583ರಲ್ಲಿ ಲೈಡನ್ ವಿಶ್ವವಿದ್ಯಾಲಯ ಸೇರಿದಾಗ ಆತನ ವಯಸ್ಸು ಸುಮಾರು 35.

ಅಂದಿನ ಲೆಕ್ಕ ಸುಲಭದ್ದಾಗಿರಲಿಲ್ಲ. ಒಂದು ಪೌಂಡಿಗೆ 20 ಷಿಲ್ಲಿಂಗ್, ಒಂದು ಷಿಲ್ಲಿಂಗಿಗೆ 12 ಗ್ರೋಟ್. ಉಳಿದುದೆಲ್ಲ ಭಿನ್ನರಾಶಿಯ ಜಂಜಾಟ. ಭಾಗಾಕಾರದಲ್ಲಿ ತಪ್ಪಿದರೆ ನಷ್ಟ ಯಾರ ಪಾಲಿಗಾದರೂ ಬರುತ್ತಿತ್ತು. ಈ ಕಷ್ಟವನ್ನು ಕಂಡಿದ್ದ ಸ್ಟೆವಿನ್ 1585ರಲ್ಲಿ 'ಡೆ ತೀಂಡೆ' ಎಂಬ ಕಿರುಹೊತ್ತಗೆಯನ್ನು ಪ್ರಕಟಿಸಿದ. ವಿದ್ವಾಂಸರ ಲ್ಯಾಟಿನ್ ಬಿಟ್ಟು ಜನರ ಡಚ್ ಭಾಷೆಯಲ್ಲಿ ಬರೆದದ್ದು ಅದರ ಹಿರಿಮೆ. ಭೂಮಾಪಕರು, ಬಟ್ಟೆ ಅಳೆಯುವವರು, ವರ್ತಕರು ಆತನ ಓದುಗರು.

ಆತ ಬಿಂದುವನ್ನು ಬಳಸಲಿಲ್ಲ. 8.937 ಎಂಬುದನ್ನು ಬರೆಯಲು 8ರ ಜತೆ ವೃತ್ತದೊಳಗೆ 0, 9ರ ಜತೆ 1, 3ರ ಜತೆ 2, 7ರ ಜತೆ 3 ಎಂದು ಗುರುತು ಹಾಕಿದ. ಈ ಸಂಖ್ಯೆಯನ್ನು 10ರಿಂದ ಭಾಗಿಸಿದರೆ ಅಂಕಿಗಳು ಬದಲಾಗುವುದಿಲ್ಲ. ಪ್ರತಿ ಗುರುತೂ ಒಂದರಷ್ಟು ಹೆಚ್ಚುತ್ತದೆ. 100ರಿಂದಾದರೆ ಎರಡರಷ್ಟು. ಅಂಕಿಯ ಬೆಲೆ ಇಳಿಯುತ್ತದೆ ಎಂಬ ತಿರುಳು ಇಲ್ಲಿ ಸ್ಪಷ್ಟ. ಬಿಂದುವನ್ನು ಸರಿಸುವುದನ್ನಷ್ಟೇ ಕಲಿತ ಮಗುವಿಗೆ ತಪ್ಪಿಹೋಗುವುದು ಇದೇ ತಿರುಳು.

ದಶಮಾಂಶದ ಮೊದಲಿಗ ಸ್ಟೆವಿನ್ ಅಲ್ಲ. 15ನೇ ಶತಮಾನದಲ್ಲಿಯೇ ಸಮರ್‌ಖಂಡದ ಅಲ್-ಕಾಶಿ ಅದನ್ನು ಬಳಸಿದ್ದ. ಇಬ್ಬರ ಲೆಕ್ಕಕ್ಕೂ ತಳಹದಿ ಭಾರತದ ಸ್ಥಾನಬೆಲೆ ಪದ್ಧತಿ. ವೃತ್ತದ ಗುರುತುಗಳೂ ಉಳಿಯಲಿಲ್ಲ, ಬರೆಯಲು ಹಗುರವಾದ ಬಿಂದು ಹಾಗೂ ಅಲ್ಪವಿರಾಮ ಅವುಗಳ ಸ್ಥಾನ ಪಡೆದವು.

ಮುಂದೆ ಸ್ಟೆವಿನ್ ನಾಸೌನ ರಾಜಕುಮಾರ ಮಾರಿಸ್‌ಗೆ ಗಣಿತದ ಗುರುವೂ ಸಲಹೆಗಾರನೂ ಆದ. 1600ರಲ್ಲಿ ಲೈಡನ್‌ನಲ್ಲಿ ಆರಂಭವಾದ ಎಂಜಿನಿಯರಿಂಗ್ ಶಾಲೆಗೆ ಪಠ್ಯಕ್ರಮ ರೂಪಿಸಿದ. ಅಲ್ಲಿಯೂ ಬೋಧನೆ ಡಚ್‌ನಲ್ಲಿಯೇ.

ನಾಣ್ಯ, ತೂಕ, ಅಳತೆಗಳೆಲ್ಲ ಹತ್ತರ ಲೆಕ್ಕದಲ್ಲಿರಬೇಕೆಂಬುದು ಆತನ ಹಂಬಲವಾಗಿತ್ತು. ಅದು ಈಡೇರುವ ಮುನ್ನವೇ 1620ರಲ್ಲಿ ಆತ ನಿಧನನಾದ. ಅಮೆರಿಕ 1792ರಲ್ಲಿ ದಶಮಾಂಶ ನಾಣ್ಯವನ್ನೂ, ಫ್ರಾನ್ಸ್ 1795ರಲ್ಲಿ ಮೆಟ್ರಿಕ್ ಅಳತೆಯನ್ನೂ ಸ್ವೀಕರಿಸಿದವು. ಭಾರತದಲ್ಲಿ 16 ಆಣೆಯ ರೂಪಾಯಿ 100 ನಯಾಪೈಸೆಯಾದದ್ದು 1957ರ ಏಪ್ರಿಲ್ 1ರಂದು. ರೂಪಾಯಿಯನ್ನು ನೂರರಿಂದ ಭಾಗಿಸುವ ಲೆಕ್ಕ ಅಂದಿನಿಂದ ನಮ್ಮ ಮಕ್ಕಳಿಗೆ ಅಂಗಡಿಯಲ್ಲಿಯೇ ಸಿಕ್ಕಿತು.